ಬಾಟಲಿ ತೊಳೆಯುವ ದಿನ

ಹಲಸಿನ ಹಪ್ಪಳ ಮಾಡುವ ದಿನ ನಮ್ಮ ಕಡೆ ಮನೆ ತುಂಬ ಜನ. ಸೊಳೆ ಬಿಡಿಸುವವರು, ಒರಳಿನ ಮುಂದೆ ನಿಲ್ಲುವವರು, ಉಂಡೆ ಕಟ್ಟುವವರು, ಒತ್ತುವವರು, ಏನೂ ಮಾಡದೆ ಹಿಟ್ಟನ್ನು ಕದ್ದು ತಿನ್ನುವವರು. ಮಾತೋ ಮಾತು, ನಗೆಯೋ ನಗೆ. ಸಂಜೆ ಒರಳು, ಒನಕೆ, ಮಣೆಗಳಿಗೆ ಅಂಟಿದ ಹಿಟ್ಟು ತಿಕ್ಕುವ ಹೊತ್ತಿಗೆ ಮಾತ್ರ ಹಿತ್ತಿಲ ಕಡೆ ಒಂದು ನರಪಿಳ್ಳೆಯೂ ಸುಳಿಯುವುದಿಲ್ಲ. ದೀಪಾವಳಿಯ ಗೋಪೂಜೆಯ ದಿನ ಹಸುವಿನ ಹಣೆಗೆ ಕುಂಕುಮ ಹಚ್ಚಲು ಮಕ್ಕಳು ಸಾಲುಗಟ್ಟುತ್ತಾರೆ. ಬೆಳಗಿನ ಜಾವ ಎದ್ದು ಅದರ ಬಾಲದ ಸಗಣಿ ತೊಳೆದವರು ಯಾರೆಂದು ಯಾರೂ ಕೇಳುವುದಿಲ್ಲ. ಕೆಲಸಗಳೆಲ್ಲ ಹಾಗೆಯೇ. ಪ್ರತಿಯೊಂದಕ್ಕೂ ಕುಂಕುಮ ಹಚ್ಚಿಸಿಕೊಳ್ಳುವ ಒಂದು ಮುಖ ಇರುತ್ತದೆ, ತೊಳೆಯಬೇಕಾದ ಒಂದು ಬಾಲ ಇರುತ್ತದೆ.

ನನ್ನ ಕೆಲಸವನ್ನೇ ನೋಡಿ. 29 ವರ್ಷಗಳಿಂದ ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ಪಾಠ ಹೇಳುತ್ತಿದ್ದೇನೆ. ಪಾಠ ಮಾಡುವುದೆಂದರೆ ನನಗೆ ಇಂದಿಗೂ ಹಬ್ಬ. ಒಂದು ಪದ್ಯವನ್ನು ರಾಗವಾಗಿ ಓದಿ, ಅರ್ಥ ಬಿಡಿಸುತ್ತ ಹೋದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ತಲೆಯೆತ್ತಿ ನೋಡುತ್ತಾನಲ್ಲ, ಅಷ್ಟು ಸಾಕು, ಅಂದಿನ ಊಟ ರುಚಿಸುತ್ತದೆ. ಆದರೆ ಪಾಠಕ್ಕೂ ಬಾಲವಿದೆ. ಮೂರು ತರಗತಿ ಸೇರಿ ನೂರೈವತ್ತು ಮಕ್ಕಳು. ಅವರ ನೋಟ್ಸು, ಕಿರುಪರೀಕ್ಷೆ, ಅರ್ಧವಾರ್ಷಿಕ, ಅಂಕಪಟ್ಟಿ, ಆ ಮೇಲೆ ಅದೇ ಅಂಕಗಳನ್ನು ಮತ್ತೆ ಕಂಪ್ಯೂಟರಿಗೆ ತುಂಬುವುದು. ಉತ್ತರಪತ್ರಿಕೆಯ ಕಟ್ಟು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟರೆ ಅದು ನನ್ನನ್ನು, ನಾನು ಅದನ್ನು ನೋಡುತ್ತ ರಾತ್ರಿ ಕಳೆಯುತ್ತಿತ್ತು. ಒಂದೇ ತಪ್ಪನ್ನು ನೂರೈವತ್ತು ಸಲ ತಿದ್ದಿ ತಿದ್ದಿ ಕೊನೆಗೆ ಸರಿಯಾದ ರೂಪ ಯಾವುದೆಂದು ನನಗೇ ಅನುಮಾನ! ಮೊನ್ನೆ ಬೇಸಿಗೆಗೆ ಮುಂಚೆ ಒಂದು ರಾತ್ರಿ ಎದ್ದು ಕೂತು ಸ್ವಯಂ ನಿವೃತ್ತಿಯ ಅರ್ಜಿ ಬರೆದೇಬಿಟ್ಟೆ. ಕೊಡಲಿಲ್ಲ. ಮಡಿಸಿ ಕೈಚೀಲದ ಒಳಜೇಬಿನಲ್ಲಿ ಇಟ್ಟುಕೊಂಡೆ. ಆ ಅರ್ಜಿಯ ಸಮೇತವೇ ಏಪ್ರಿಲಿನಲ್ಲಿ ಮಗಳ ಮನೆಗೆ ಹೋದೆ.

ಮಗಳಿರುವುದು ಅಮೆರಿಕದ ಪಶ್ಚಿಮ ಕರಾವಳಿಯ ಆರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ನಗರದ ಪಕ್ಕದ ಬೀವರ್ಟನ್ ಎಂಬ ಊರಲ್ಲಿ. ಏಪ್ರಿಲಿನಲ್ಲೂ ಜಿಟಿಜಿಟಿ ಮಳೆ. ಪಾಚಿ ಹಿಡಿದ ಮರಗಳು. ನಮ್ಮ ಸಾಗರದ ಆಷಾಢಕ್ಕೇ ಬಂದ ಹಾಗಾಯಿತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಮೂರನೆಯ ದಿನ ಗ್ಯಾರೇಜಿನಲ್ಲಿ ಒಗೆಯುವ ಯಂತ್ರಕ್ಕೆ ಬಟ್ಟೆ ಹಾಕಲು ಹೋದವಳು ಬೆಚ್ಚಿಬಿದ್ದೆ. ಗೋಡೆಯುದ್ದಕ್ಕೂ ಬಾಟಲಿಗಳು! ಕಂದು ಬಣ್ಣದ ಖಾಲಿ ಬಿಯರು ಬಾಟಲಿಗಳು, ರಟ್ಟಿನ ಪೆಟ್ಟಿಗೆಗಳಲ್ಲಿ ಒಂದರ ಮೇಲೊಂದು.

"ಅಮ್ಮಾ, ಗಾಬರಿಯಾಗಬೇಡ. ಅಷ್ಟನ್ನೂ ಕುಡಿದದ್ದಲ್ಲ. ಅವನು ಮನೆಯಲ್ಲೇ ಬಿಯರ್ ಮಾಡ್ತಾನೆ," ಅಂದಳು ಮಗಳು. ಗಂಡನನ್ನು 'ಅವನು' ಅನ್ನುವುದಕ್ಕೆ ನನ್ನ ಕಿವಿ ಈಚೆಗೆ ಒಗ್ಗಿಕೊಂಡಿದೆ. ಆದರೆ ಮನೆಯಲ್ಲಿ ಬಿಯರು ಮಾಡುವುದಕ್ಕೆ ಒಗ್ಗಿರಲಿಲ್ಲ.

ನೀವೂ ಹುಬ್ಬೇರಿಸಬಹುದು. ನಾನು ಹೆಂಡ, ಸಾರಾಯಿಯ ಹೆಸರು ಕೇಳಿದರೆ ಮೈ ಉರಿಯುವವಳು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗಿ ಶನಿವಾರ ಶಾಲೆ ಬಿಟ್ಟ ಮೇಲೆ ತನ್ನ ಕಂಪಾಸು ಪೆಟ್ಟಿಗೆಯನ್ನು ನನ್ನ ಕೈಯಲ್ಲಿಟ್ಟು, "ಸೋಮವಾರ ಕೊಡಿ ಟೀಚರ್," ಅಂದು ಓಡುತ್ತಿದ್ದಳು. ಒಳಗೆ ಅವಳ ತಾಯಿಯ ವಾರದ ಕೂಲಿ. ಮನೆಯಲ್ಲಿಟ್ಟರೆ ಭಾನುವಾರ ಅದು ಪ್ಯಾಕೆಟ್ ಸಾರಾಯಿಯಾಗಿ ಅಪ್ಪನ ಹೊಟ್ಟೆ ಸೇರುತ್ತಿತ್ತು. 2007ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಬಾಟಲಿ ಬದಲಾಯಿತು ಅಷ್ಟೆ. ಈ ಕಥೆಯನ್ನು ಅಳಿಯಂದಿರಿಗೆ ಹೇಳಿದೆ. ಅವರು ತಲೆ ತಗ್ಗಿಸಿ ಪೂರ್ತಿ ಕೇಳಿದರು.

"ಅತ್ತೆ, ನೀವು ಹೇಳೋದು ನಿಜ. ನಾನು ವಾರಕ್ಕೆ ಎರಡು ಬಾಟಲಿ ದಾಟಲ್ಲ. ನಂಗೆ ಕುಡಿಯೋದಕ್ಕಿಂತ ಮಾಡೋದು ಇಷ್ಟ," ಅಂದರು.

ಎಷ್ಟೇ ಕಡಿಮೆಯಾದರೂ ಮದ್ಯ ಆರೋಗ್ಯಕ್ಕೆ ಸುರಕ್ಷಿತವೆಂದು ಹೇಳಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದು ನನಗೆ ಗೊತ್ತಿತ್ತು, ಅದನ್ನೂ ಹೇಳಿದೆ. ಅವರು ವಾದ ಮಾಡಲಿಲ್ಲ. ನಾನೂ ಮುಂದುವರಿಸಲಿಲ್ಲ. ಬೆಳೆದ ಮಕ್ಕಳ ಮನೆಯಲ್ಲಿ ಒಂದು ಮಾತನ್ನು ಒಂದೇ ಸಲ ಹೇಳಬೇಕು. ಆ ವಿಷಯದಲ್ಲಿ ನನ್ನ ಮನಸ್ಸು ಇಂದಿಗೂ ಬದಲಾಗಿಲ್ಲ. ನಾನಿಲ್ಲಿ ಹೇಳಹೊರಟಿರುವುದು ಬೇರೆ.

ಆ ದೇಶದಲ್ಲಿ ಇದು ಕಳ್ಳಕೆಲಸವಲ್ಲವೆಂದು ಅಳಿಯಂದಿರೇ ವಿವರಿಸಿದರು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧವಿತ್ತು. ನಿಷೇಧ ಹೋದ ಮೇಲೂ ಮನೆಯಲ್ಲಿ ಬಿಯರು ಮಾಡಲು ಅನುಮತಿ ಸಿಗಲಿಲ್ಲ. ಜಿಮ್ಮಿ ಕಾರ್ಟರ್ ಅಧ್ಯಕ್ಷರಾಗಿದ್ದಾಗ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಕಾನೂನಿನಿಂದ ಅದಕ್ಕೆ ದಾರಿಯಾಯಿತು. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 380 ಲೀಟರು. ಇಬ್ಬರು ಅಥವಾ ಹೆಚ್ಚು ಜನ ಇದ್ದರೆ 200 ಗ್ಯಾಲನ್. ಕೆಲವು ರಾಜ್ಯಗಳು ಆಮೇಲೂ ಒಪ್ಪಲಿಲ್ಲ. 2013ರಲ್ಲಿ ಅಲಬಾಮ, ಮಿಸಿಸಿಪ್ಪಿ ಒಪ್ಪಿದ ಮೇಲೆ ಇಡೀ ದೇಶಕ್ಕೆ ಅನ್ವಯವಾಯಿತು. ಹೀಗೆ ಮಾಡಿದ್ದನ್ನು ಮಾರುವಂತಿಲ್ಲ. ಕುಡಿಯಬಹುದು, ಯಾರಿಗಾದರೂ ಕೊಡಬಹುದು, ಅಷ್ಟೆ.

ಮಾಡುವ ರೀತಿಯೂ ನಮಗೆ ತೀರಾ ಅಪರಿಚಿತವಲ್ಲ. ಮಗುವಿನ ಸರಿಹಿಟ್ಟಿಗೆ ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸುತ್ತೇವಲ್ಲ, ಹಾಗೆಯೇ ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟು. ಅದನ್ನು ಬಿಸಿನೀರಿನಲ್ಲಿ ನೆನೆಸಿ, ಸಿಹಿಯಾದ ರಸ ಬಸಿದು, ಹಾಪ್ಸ್ ಎಂಬ ಬಳ್ಳಿಯ ಹೂವು ಹಾಕಿ ಒಂದು ತಾಸು ಕುದಿಸುತ್ತಾರೆ. ಕಹಿ, ಪರಿಮಳ ಎರಡೂ ಆ ಹೂವಿನದು. ಆರೆಗಾನ್ ಹಾಪ್ಸ್ ಬೆಳೆಯುವ ಸೀಮೆ. ಬಿಯರು ಮಾಡುವವರೆಲ್ಲ ಹೆಸರು ಹೇಳುವ ಕ್ಯಾಸ್ಕೇಡ್ ಎಂಬ ತಳಿ 1972ರಲ್ಲಿ ಹೊರಬಂದದ್ದು ಅಲ್ಲಿನ ಕೊರ್ವಾಲಿಸ್ ಊರಿನ ಸಂಶೋಧನೆಯಿಂದಲೇ. ಕುದಿಸಿದ ರಸ ಆರಿದ ಮೇಲೆ ಯೀಸ್ಟು ಬೆರೆಸಿ ದೊಡ್ಡ ಗಾಜಿನ ಜಾಡಿಗೆ ಹಾಕಿಟ್ಟರೆ, ದೋಸೆಹಿಟ್ಟು ಉಕ್ಕುವ ಹಾಗೆ ಅದು ನೊರೆಯೆದ್ದು ಹುಳಿಯುತ್ತದೆ. ಎರಡು ವಾರ ಬಿಟ್ಟರೆ ಮುಗಿಯಿತು.

ಮುಗಿಯಿತೇ? ಇಲ್ಲ, ಬಾಲ ಶುರುವಾಗುವುದೇ ಆಗ. ಒಂದು ಸಲಕ್ಕೆ 5 ಗ್ಯಾಲನ್, ಸುಮಾರು 19 ಲೀಟರು. ಅದು 355 ಮಿಲಿಲೀಟರಿನ ಸಣ್ಣ ಬಾಟಲಿಗಳಲ್ಲಿ ಹೆಚ್ಚುಕಡಿಮೆ ಐವತ್ತಾಗುತ್ತದೆ. ಐವತ್ತು ಬಾಟಲಿಗಳನ್ನು ನೆನೆಹಾಕಿ, ಹಳೆಯ ಚೀಟಿ ಕೆರೆದು, ಒಳಗೆ ಬ್ರಷ್ಷು ಹಾಕಿ ತಿಕ್ಕಿ, ತೊಳೆದು, ಕ್ರಿಮಿನಾಶಕದ ನೀರಲ್ಲಿ ಅದ್ದಿ, ಬೋರಲು ಹಾಕಿ ನೀರು ಬಸಿಯಬೇಕು. ಆ ಮೇಲೆ ಸ್ವಲ್ಪ ಸಕ್ಕರೆಯನ್ನು ಕುದಿಸಿ ಬೆರೆಸಿ, ಟ್ಯೂಬಿನಿಂದ ಒಂದೊಂದೇ ಬಾಟಲಿ ತುಂಬಿ, ಸೋಡಾ ಬಾಟಲಿಯಂಥ ತಗಡಿನ ಮುಚ್ಚಳ ಒತ್ತಬೇಕು. ಕೊನೆಗೆ ಜಾಡಿ, ಟ್ಯೂಬು, ನೆಲ ಎಲ್ಲ ಮತ್ತೆ ತೊಳೆಯಬೇಕು. ಮತ್ತೆ ಎರಡು ವಾರ ಕಾಯಬೇಕು.

"ಕುದಿಸೋ ದಿನ ಇವನ ಸ್ನೇಹಿತರೆಲ್ಲ ಬಂದು ಒಲೆ ಸುತ್ತ ನಿಂತು ದೊಡ್ಡ ವಿಜ್ಞಾನಿಗಳ ಥರ ಮಾತಾಡ್ತಾರೆ. ಬಾಟಲಿ ತೊಳೆಯೋ ದಿನ ಒಬ್ಬರೂ ಇರಲ್ಲ," ಅಂದಳು ಮಗಳು. "ಡಿಸೆಂಬರಲ್ಲಿ 'ಸ್ವಲ್ಪ ಕೈ ಜೋಡಿಸು' ಅಂದ. ಕೈ ಜೋಡಿಸಿದೆ. ಅರ್ಧ ಗಂಟೆ ಆದ ಮೇಲೆ ನೋಡಿದರೆ ತೊಳೀತಿರೋಳು ನಾನು, ಫೋನಲ್ಲಿ ಮಾತಾಡ್ತಿರೋನು ಅವನು. ಅದರ ಮೇಲೆ ಅವಸರ ಮಾಡಿ ತುಂಬಿಸಿ, ಎರಡು ಬಾಟಲಿ ಬೀರುವಿನೊಳಗೇ ಸಿಡಿದುವು. ಗಾಜು ಗುಡಿಸಿದ್ದೂ ನಾನೇ. ಇನ್ನು ನಾನು ಮುಟ್ಟಲ್ಲ ಅಂದುಬಿಟ್ಟೆ."

ಸಿಡಿಯಲು ಕಾರಣ ಸರಳ. ಹುಳಿಯುವುದು ಪೂರ್ತಿ ಮುಗಿಯುವ ಮೊದಲೇ ಬಾಯಿ ಬಿಗಿದರೆ ಒಳಗಿನ ಗಾಳಿಗೆ ಹೋಗಲು ಜಾಗವಿರುವುದಿಲ್ಲ. ಹಾಲಿನ ಡೈರಿಯಲ್ಲಿ ಹಾಲಿಗೆ ಬಿಡುವ ಗಾಜಿನ ಕಡ್ಡಿಯಂಥದೇ ಒಂದನ್ನು ಇಳಿಬಿಟ್ಟು, ಎರಡು ಮೂರು ದಿನ ಅದರ ಅಂಕಿ ಒಂದೇ ಇದೆಯೆಂದು ನೋಡಿಕೊಂಡು ತುಂಬಬೇಕು. ಅಷ್ಟು ವ್ಯವಧಾನ ಆಗ ಅಳಿಯಂದಿರಿಗೆ ಇರಲಿಲ್ಲ. ಫೆಬ್ರವರಿಯ ಕೊನೆಗೆ ಇನ್ನೊಮ್ಮೆ ಕುದಿಸಿದ್ದರಂತೆ. ಅದು ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆಯಲ್ಲಿ ಆರು ವಾರದಿಂದ ಹಾಗೇ ಕೂತಿತ್ತು. ಪ್ರತಿ ವಾರ "ಈ ಶನಿವಾರ", "ಬರೋ ಶನಿವಾರ". ಆ ಜಾಡಿಯ ಮಾತೆತ್ತಿದರೆ ಇಬ್ಬರ ಮುಖವೂ ಗಂಟು.

"ಅಮ್ಮಾ, ನೀನಾದರೂ ಹೇಳು. ತುಂಬಿಸು, ಇಲ್ಲ ಚೆಲ್ಲು ಅಂತ."

ನಾನು ಹೇಳಿದೆ. ಹೇಳಿದ್ದಕ್ಕೆ ಅಳಿಯಂದಿರು, "ಗೊತ್ತು ಅತ್ತೆ. ಆದರೆ ಬಾಟಲಿ ನೋಡಿದರೆ ಮೋಟಿವೇಷನ್ನೇ ಬರಲ್ಲ," ಅಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಅವರ ಆ ಮಾತು ಕೊರೆಯುತ್ತಿತ್ತು. ಉತ್ತರಪತ್ರಿಕೆಯ ಕಟ್ಟಿನ ಮುಂದೆ ನಾನು ಆಡಿಕೊಂಡದ್ದೂ ಅದೇ ಮಾತಲ್ಲವೇ? ಆದರೆ ನೆನಪಾದದ್ದು ಕಟ್ಟಲ್ಲ, ನನ್ನ ದೊಡ್ಡತ್ತೆ.

ದೊಡ್ಡತ್ತೆ ನನ್ನ ತಂದೆಯ ಅಕ್ಕ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಮ್ಮ ಮನೆಯ ಮಿಡಿ ಉಪ್ಪಿನಕಾಯಿ ಸುತ್ತ ನಾಲ್ಕು ಊರಿಗೆ ಹೆಸರುವಾಸಿ. ಅಜ್ಜಿಯ ಕೈಗುಣ ಅನ್ನುತ್ತಿದ್ದರು ಎಲ್ಲರೂ. ಅಜ್ಜಿ ಮಿಡಿ ಆರಿಸುತ್ತಿದ್ದಳು, ಉಪ್ಪು ಅಳೆಯುತ್ತಿದ್ದಳು, ಸಾಸಿವೆ ಮೆಣಸಿನ ಹದ ಹೇಳುತ್ತಿದ್ದಳು. ಭರಣಿಗಳು ಮಾತ್ರ ದೊಡ್ಡತ್ತೆಯವು. ಅಟ್ಟದಿಂದ ಹನ್ನೆರಡು ಭರಣಿ ಇಳಿಸಿ, ಕುದಿನೀರಿನಲ್ಲಿ ತೊಳೆದು, ಮೂರು ದಿನ ಬಿಸಿಲಿಗೆ ಒಣಗಿಸಿ, ಕೆಂಡದ ಮೇಲೆ ಇಂಗು ಹಾಕಿ ಒಂದೊಂದನ್ನೂ ಅದರ ಹೊಗೆಯ ಮೇಲೆ ಬೋರಲು ಹಿಡಿಯುತ್ತಿದ್ದಳು. ಆಮೇಲೆ ಬಿಳಿ ಬಟ್ಟೆ ಕಟ್ಟುವುದು. ಇಷ್ಟಕ್ಕೆ ಕೈಗುಣವೆಂಬ ಹೆಸರಿರಲಿಲ್ಲ. ಅದು ಕೆಲಸ ಅಷ್ಟೆ.

ನಾನು ಏಳನೆಯ ತರಗತಿಯಲ್ಲಿದ್ದ ವರ್ಷ ಮಿಡಿಯ ಕಾಲಕ್ಕೆ ಸರಿಯಾಗಿ ದೊಡ್ಡತ್ತೆ ಜ್ವರ ಬಂದು ಮಲಗಿದಳು. ಭರಣಿ ತೊಳೆಯುವುದು ನಮ್ಮಂಥ ಹುಡುಗಿಯರ ಪಾಲಿಗೆ ಬಂತು. ಒಂದು ದಿನ ಬಿಸಿಲು ತೋರಿಸಿ ಒಳಗಿಟ್ಟೆವು. ಆಷಾಢದ ಹೊತ್ತಿಗೆ ಐದು ಭರಣಿಗಳಲ್ಲಿ ಬಿಳಿ ಬೂಸಲು. ಮಿಡಿ ಮುಟ್ಟಿದರೆ ಮೆತ್ತಗೆ. ಅಜ್ಜಿ ಉಪ್ಪಿನ ಅಂಗಡಿಯವನನ್ನು ಬೈದಳು. ದೊಡ್ಡತ್ತೆ ಬಂದು ಖಾಲಿ ಮಾಡಿದ ಭರಣಿಯೊಳಗೆ ಕೈಯಿಟ್ಟು ನೋಡಿ, "ತಳದಲ್ಲಿ ಪಸೆ ಇತ್ತು," ಅಂದಳು. ಅಷ್ಟೇ. ಯಾರನ್ನೂ ಬೈಯಲಿಲ್ಲ. ಆವತ್ತು ನನಗೆ ತಿಳಿಯಿತು, ಅಜ್ಜಿಯ ಕೈಗುಣದ ಅರ್ಧ ದೊಡ್ಡತ್ತೆಯ ಭರಣಿಯ ತಳದಲ್ಲಿತ್ತು ಅಂತ.

ಇದು ಬರೀ ಭಾವನೆಯ ಮಾತಲ್ಲ. ಫ್ರಾನ್ಸಿನ ಲೂಯಿ ಪಾಸ್ಚರ್ 1876ರಲ್ಲಿ ಬಿಯರಿನ ಬಗ್ಗೆಯೇ ಒಂದು ಪುಸ್ತಕ ಬರೆದು, ಅದು ಕೆಡುವುದು ಬೇಡದ ಸೂಕ್ಷ್ಮಜೀವಿಗಳು ಹೊರಗಿನಿಂದ ಸೇರುವುದರಿಂದ ಎಂದು ತೋರಿಸಿದ. ಅಳಿಯಂದಿರೂ ಒಮ್ಮೆ ನಗುತ್ತ, "ಬಿಯರ್ ಮಾಡೋದು ಅಂದರೆ ಮುಕ್ಕಾಲು ಪಾಲು ಪಾತ್ರೆ ತೊಳೆಯೋದು ಅತ್ತೆ," ಅಂದಿದ್ದರು. ಹಾಗಾದರೆ ನಾವು ಬಾಲ ಅನ್ನುವುದು ಬಾಲವಲ್ಲ, ಬೆನ್ನೆಲುಬು. ಆದರೂ ಹೊಗಳಿಕೆಯೆಲ್ಲ ಮುಖಕ್ಕೆ.

ಇನ್ನೊಂದು ವಿಚಾರ ಇನ್ನೂ ಒಳಕ್ಕೆ ಚುಚ್ಚಿತು. ದೊಡ್ಡತ್ತೆಗೆ ಉತ್ಸಾಹ ಇದೆಯೇ ಎಂದು ಯಾರಾದರೂ ಕೇಳಿದ್ದರೇ? ಅವಳ ಬಳಿ 'ಈ ವರ್ಷ ಮನಸ್ಸಿಲ್ಲ' ಎನ್ನುವ ಮಾತೇ ಇರಲಿಲ್ಲ. ಬಿಡುವ ಸ್ವಾತಂತ್ರ್ಯ ಇದ್ದವರಿಗೆ ಮಾತ್ರ ಉತ್ಸಾಹದ ಪ್ರಶ್ನೆ ಏಳುತ್ತದೆ. ಬಿಯರಿನ ಚರಿತ್ರೆಯಲ್ಲೂ ಇದೇ ಕಥೆ. ಸುಮಾರು 3,800 ವರ್ಷ ಹಿಂದಿನ ಮೆಸೊಪೊಟೇಮಿಯದ ಮಣ್ಣಿನ ಹಲಗೆಗಳಲ್ಲಿ ಬಿಯರಿನ ದೇವತೆಯಾದ ನಿಂಕಾಸಿಯ ಸ್ತುತಿಯಿದೆ, ಅವಳು ಹೆಣ್ಣುದೇವತೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಮನೆಗೂ ಮಾರಾಟಕ್ಕೂ ಏಲ್ ಎಂಬ ಪಾನೀಯವನ್ನು ಕುದಿಸುತ್ತಿದ್ದವರು ಬಹುಪಾಲು ಹೆಂಗಸರು. ಬ್ರೂಸ್ಟರ್ ಎಂಬ ಹೆಸರು ಮೂಲದಲ್ಲಿ ಅಂಥ ಹೆಂಗಸಿನದೇ. ವ್ಯಾಪಾರ ಬೆಳೆದು ಬಂಡವಾಳ ಬೇಕಾದಾಗ ಕೆಲಸ ಗಂಡಸರ ಕೈಗೆ ಹೋಯಿತು. ಈಗ ಗ್ಯಾರೇಜಿನಲ್ಲಿ ಅದು ಹವ್ಯಾಸ. ಹೆಂಗಸರ ಕೈಯಲ್ಲಿ ದಿನದ ದುಡಿಮೆಯಾಗಿದ್ದದ್ದು ಗಂಡಸರ ಕೈಯಲ್ಲಿ ಹವ್ಯಾಸವಾಗಿ, ಅದರ ಬಾಲ ಮಾತ್ರ ಮತ್ತೆ ನನ್ನ ಮಗಳ ಕೈಗೆ ಬಂದು ಬೀಳುವುದಾದರೆ ಇದೆಂಥ ನ್ಯಾಯ?

ಬೆಳಗಾದ ಮೇಲೆ ಅಳಿಯಂದಿರಿಗೆ ಹೇಳಿದೆ: "ನೋಡಿ, ಇದನ್ನು ಬಿಡುವುದಾದರೆ ಬಿಡಿ, ತಪ್ಪಿಲ್ಲ. ಆದರೆ ಮಾಡುವುದಾದರೆ ತೊಳೆಯುವುದೂ ನಿಮ್ಮದೇ ಆಗಲಿ. ಅವಳದಲ್ಲ. ಈ ಶನಿವಾರ ನಾನು ಪಕ್ಕದಲ್ಲಿ ಕೂರುತ್ತೇನೆ."

"ಅಯ್ಯೋ, ನೀವಾ ಅತ್ತೆ? ಬಿಯರ್ ಬಾಟಲೀನಾ?"

"ಬಾಟಲಿಗೇನು ಗೊತ್ತು ಒಳಗೆ ಏನಿತ್ತು ಅಂತ? ತೊಳೆದರೆ ಎಲ್ಲ ಒಂದೇ."

ಶುಕ್ರವಾರ ರಾತ್ರಿ ಬಿಸಿನೀರಿಗೆ ವಾಷಿಂಗ್ ಸೋಡ ಹಾಕಿ ಬಾಟಲಿ ನೆನೆಸಿಟ್ಟೆವು. ಬೆಳಿಗ್ಗೆ ಚೀಟಿಗಳು ತಾವಾಗಿ ಕಳಚಿ ತೇಲುತ್ತಿದ್ದವು. ಅಳಿಯಂದಿರು ಬ್ರಷ್ಷು ಹಿಡಿದರು, ನಾನು ಮುಕ್ಕಾಲಿಯ ಮೇಲೆ ಕೂತು ತೊಳೆದು ಬೋರಲು ಹಾಕುತ್ತ ಹೋದೆ. ಹತ್ತು ಬಾಟಲಿಯಾದ ಮೇಲೆ ಕೇಳಿದೆ, "ಮೊದಲೆಲ್ಲ ಒಬ್ಬರೇ ಮಾಡ್ತಿದ್ದಿರಾ?"

ಅವರು ತಕ್ಷಣ ಉತ್ತರಿಸಲಿಲ್ಲ. ಆಮೇಲೆ ಹೇಳಿದರು. ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಬಡಗಿ ಇದ್ದರಂತೆ, ಎಪ್ಪತ್ತು ದಾಟಿದವರು. ಬಿಯರು ಮಾಡಲು ಕಲಿಸಿದ್ದು ಅವರೇ. ಕುದಿಸುವ ದಿನ ಅವರು ಬರುತ್ತಿರಲಿಲ್ಲ, ಹುಡುಗರ ಗದ್ದಲ ಆಗದು. ಬಾಟಲಿ ತುಂಬುವ ದಿನ ಮಾತ್ರ ತಮ್ಮ ಕುರ್ಚಿ ತಾವೇ ಹೊತ್ತು ತಂದು ಗ್ಯಾರೇಜಿನಲ್ಲಿ ಕೂರುತ್ತಿದ್ದರು. ಇವರು ತುಂಬುವುದು, ಅವರು ಮುಚ್ಚಳ ಒತ್ತುವುದು. ಮಾತು ಅಷ್ಟಕ್ಕಷ್ಟೆ. ಹೋದ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಡಿಸೆಂಬರಿನಲ್ಲಿ ಬಾಟಲಿ ತುಂಬುವಾಗ ಇವರಿಗೆ ಬೇಗ ಮುಗಿಸಿ ಆ ಗ್ಯಾರೇಜಿನಿಂದ ಎದ್ದು ಹೋದರೆ ಸಾಕಾಗಿತ್ತಂತೆ.

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಮಗಳು, "ಇದನ್ನ ನಂಗೆ ಯಾಕೆ ಹೇಳಲಿಲ್ಲ?" ಅಂದಳು. ಅವರು, "ನಂಗೇ ಈಗ ಗೊತ್ತಾಯ್ತು," ಅಂದರು.

ಗಾಜಿನ ಸದ್ದು ಕೇಳಿಸಿತೋ ಏನೋ, ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಒಂದು ಮರದ ಪೆಟ್ಟಿಗೆಯನ್ನು ಸಣ್ಣ ಕೈಗಾಡಿಯಲ್ಲಿಟ್ಟು ಎಳೆದುಕೊಂಡು ಬಂದರು. ಒಳಗೆ ಹನ್ನೆರಡು ದೊಡ್ಡ ಬಾಟಲಿಗಳು, ಒಂದೊಂದೂ 650 ಮಿಲಿಲೀಟರಿನವು. ಚೀಟಿಯಿಲ್ಲ, ಕಲೆಯಿಲ್ಲ, ಬೆಳಕಿಗೆ ಹಿಡಿದರೆ ತಳದವರೆಗೂ ಹೊಳಪು. ಇವು ನಿನ್ನವೇ, ಬರಿದಾದಾಗೆಲ್ಲ ಅವನು ಆಗಲೇ ಮೂರು ಸಲ ತೊಳೆದು ನಿನಗಾಗಿ ಎತ್ತಿಡುತ್ತಿದ್ದ, ಅಂಗಡಿಗೆ ಹಿಂದಿರುಗಿಸಲು ನನ್ನನ್ನು ಬಿಡಲೇ ಇಲ್ಲ ಎಂದರು. ಆರೆಗಾನಿನಲ್ಲಿ ಬಾಟಲಿ ಹಿಂದಿರುಗಿಸಿದರೆ ದುಡ್ಡು ಬರುತ್ತದೆ. ಇಡೀ ಅಮೆರಿಕದಲ್ಲಿ ಅಂಥ ಕಾನೂನನ್ನು ಮೊದಲು ಮಾಡಿದ ರಾಜ್ಯ ಅದು, 1971ರಲ್ಲಿ. 2017ರಿಂದ ಬಾಟಲಿಗೆ 10 ಸೆಂಟು. ಹನ್ನೆರಡಕ್ಕೆ ಏನು ಮಹಾ ಬರುತ್ತಿತ್ತು? ಆದರೆ ಆ ಹಿರಿಯ ಜೀವ ಮೂರು ಮೂರು ಸಲ ತೊಳೆದದ್ದಕ್ಕೆ ಬೆಲೆ ಕಟ್ಟುವುದು ಹೇಗೆ? ಅಳಿಯಂದಿರು ಒದ್ದೆ ಕೈಯಲ್ಲೇ ಪೆಟ್ಟಿಗೆ ಇಳಿಸಿಕೊಂಡರು. ಮುಖ ನಮ್ಮ ಕಡೆ ತಿರುಗಿಸಲಿಲ್ಲ.

ನನಗೆ ದೊಡ್ಡತ್ತೆಯನ್ನೇ ಕಂಡ ಹಾಗಾಯಿತು. ಆದರೆ ಒಂದು ವ್ಯತ್ಯಾಸ: ದೊಡ್ಡತ್ತೆಗೆ ಬೇರೆ ದಾರಿ ಇರಲಿಲ್ಲ. ಈ ಬಡಗಿಗೆ ಇತ್ತು, ಇದ್ದೂ ತೊಳೆದರು. ಯಾರೂ ಹೇಳದೆ, ಇನ್ನೊಬ್ಬನ ಮುಂದಿನ ಕೆಲಸ ಹಗುರಾಗಲಿ ಎಂದು. ಅದೇ ನೀರು, ಅದೇ ಬ್ರಷ್ಷು. ಒಂದು ಕಡೆ ಹೇರಿದ್ದು, ಇನ್ನೊಂದು ಕಡೆ ಕೊಟ್ಟದ್ದು. ಇವೆರಡನ್ನೂ ಪ್ರೀತಿ, ಸೇವೆ, ತ್ಯಾಗ ಎಂದು ಒಂದೇ ಹೆಸರಿನಿಂದ ಕರೆದು ನಮ್ಮ ಮನೆಗಳಲ್ಲಿ ಎಷ್ಟು ದೊಡ್ಡತ್ತೆಯರನ್ನು ಮರೆತಿದ್ದೇವೋ!

ದೊಡ್ಡ ಬಾಟಲಿಗಳಿಂದ ಲೆಕ್ಕವೂ ಇಳಿಯಿತು. ಹನ್ನೆರಡು ದೊಡ್ಡವು, ಇಪ್ಪತ್ತೆಂಟು ಸಣ್ಣವು, ಒಟ್ಟು ನಲವತ್ತು. 120 ಗ್ರಾಂ ಸಕ್ಕರೆ ಕುದಿಸಿ ಆರಿಸಿ ಬೆರೆಸಿದರು. ಅಳಿಯಂದಿರು ತುಂಬಿದರು, ಮಗಳು, "ಮುಚ್ಚಳ ಮಾತ್ರ ನಾನು ಒತ್ತೀನಿ, ತೊಳೆಯೋದು ನಂದಲ್ಲ," ಎಂದು ಷರತ್ತು ಹಾಕಿ ಕೂತಳು. ಮೂರು ತಾಸಿಗೆ ಎಲ್ಲ ಮುಗಿಯಿತು, ನೆಲ ಒರೆಸಿದ್ದೂ ಸೇರಿ. ನೆಲ ಒರೆಸಿದ್ದು ಅಳಿಯಂದಿರೇ.

"ಪೀಪಾಯಿಗೆ ತುಂಬಿಸಿದರೆ ಈ ರಗಳೆಯೇ ಇಲ್ಲವಂತೆ?" ಎಂದು ಕೇಳಿದೆ. ನಾನೂ ಅಷ್ಟರಲ್ಲಿ ಸ್ವಲ್ಪ ಪಂಡಿತಳಾಗಿದ್ದೆ!

"ಹೌದು ಅತ್ತೆ, ಒಂದೇ ಪಾತ್ರೆ ತೊಳೆದರೆ ಆಯ್ತು. ಆದರೆ ಪೀಪಾಯಿ ಮನೆಯಲ್ಲೇ ಇರುತ್ತೆ. ಬಾಟಲಿ ಆದರೆ ಒಬ್ಬರ ಕೈಗೆ ಕೊಡಬಹುದು," ಅಂದರು. ಒಂದು ಮುಚ್ಚಳದ ಮೇಲೆ ಆ ಬಡಗಿಯ ಹೆಸರಿನ ಮೊದಲಕ್ಷರ ಬರೆದು ಬೇರೆ ತೆಗೆದಿಟ್ಟರು. ಅದು ಪಕ್ಕದ ಮನೆಯ ಅಜ್ಜಿಗೆ.

ಆ ಮಾತನ್ನು ನಾನು ಗಂಟುಕಟ್ಟಿಕೊಂಡು ಊರಿಗೆ ಬಂದೆ. ಪಾಠ ಅನ್ನುವುದು ದೊಡ್ಡ ಜಾಡಿ. ಐವತ್ತು ಮಕ್ಕಳಿಗೂ ಒಟ್ಟಿಗೇ ಕುದಿಯುತ್ತದೆ. ನೋಟ್ಸು ತಿದ್ದುವುದೆಂದರೆ ಒಂದೊಂದು ಬಾಟಲಿ. ಪ್ರತಿಯೊಂದರ ಮೇಲೂ ಒಂದು ಹೆಸರು. ತರಗತಿಯಲ್ಲಿ ನಾನು ಎಲ್ಲರಿಗೂ ಟೀಚರು. ಆ ಕೆಂಪು ಶಾಯಿಯ ಎರಡು ಸಾಲಿನಲ್ಲಿ ಮಾತ್ರ ಒಬ್ಬಳಿಗೆ, ಒಬ್ಬನಿಗೆ. ಹಾಗೆಂದು ತಿದ್ದುವ ಕೆಲಸ ಸಿಹಿಯಾಗಿಬಿಟ್ಟಿತೆಂದು ಸುಳ್ಳು ಹೇಳಲಾರೆ. ಕಹಿ ಕಹಿಯೇ. ಆದರೆ ಕೆಲವು ಉಪಾಯ ಕಲಿತೆ. ಬರಿದಾದ ಕೂಡಲೇ ತೊಳೆದಿಟ್ಟರೆ ಕಲೆ ಗಟ್ಟಿಯಾಗುವುದಿಲ್ಲ. ಹಾಗೆಯೇ ದಿನಕ್ಕೆ ಇಪ್ಪತ್ತು ಪುಸ್ತಕ ಅಂದಂದೇ ಮುಗಿಸುತ್ತೇನೆ, ಕಟ್ಟು ಕಟ್ಟಲು ಬಿಡುವುದಿಲ್ಲ. ಮನೆಗೆ ತರುವುದಿಲ್ಲ, ನಮ್ಮ ವಿಜ್ಞಾನದ ಟೀಚರೂ ನಾನೂ ಶಾಲೆ ಬಿಟ್ಟ ಮೇಲೆ ಒಂದು ತಾಸು ಎದುರುಬದುರು ಕೂತು ತಿದ್ದುತ್ತೇವೆ. ಮಾತು ಅಷ್ಟಕ್ಕಷ್ಟೆ.

ಉತ್ಸಾಹ ಬರಲಿ, ಆಮೇಲೆ ಕೂರೋಣ ಎಂದು ಕಾಯುವುದನ್ನು ಬಿಟ್ಟಿದ್ದೇನೆ. ಜಾಡಿಯ ಮುಂದೆ ಕೂತವರಿಗೆ ಅದು ಬರುವುದಿಲ್ಲ. ಪಕ್ಕದಲ್ಲಿ ಒಬ್ಬರಿದ್ದರೆ, ಇಲ್ಲವೇ ಬಾಟಲಿಯ ಆ ತುದಿಯಲ್ಲಿ ಒಬ್ಬರಿದ್ದರೆ, ಅವರ ನೆಪದಲ್ಲಿ ಬರುತ್ತದೆ.

ಅರ್ಜಿ? ಅದನ್ನು ಹರಿಯಲಿಲ್ಲ. ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ಬಿಡುವ ಹಕ್ಕು ನನಗಿದೆ ಎಂದು ಆಗಾಗ ನೆನಪಾಗುವುದು ಒಳ್ಳೆಯದು. ದೊಡ್ಡತ್ತೆಗೆ ಅದಿರಲಿಲ್ಲ. ಅದು ಖಾನೆಯಲ್ಲಿ ಇರುವುದರಿಂದಲೇ, ಪ್ರತಿ ಸಂಜೆ ಕೆಂಪು ಪೆನ್ನು ತೆಗೆಯುವಾಗ ನಾನು ಹೇರಿಸಿಕೊಂಡದ್ದನ್ನು ಮಾಡುತ್ತಿಲ್ಲ, ಕೊಡುತ್ತಿದ್ದೇನೆ ಅನ್ನಿಸುತ್ತದೆ. ಅನ್ನಿಸದ ದಿನ ಕೊಟ್ಟುಬಿಡುತ್ತೇನೆ, ಅರ್ಜಿಯನ್ನು.

ಮೊನ್ನೆ ಮಗಳು ಫೋನಿನಲ್ಲಿ ಹೇಳಿದಳು, ಅವನೀಗ ಒಂದು ಸಲಕ್ಕೆ ಅರ್ಧದಷ್ಟೇ ಕುದಿಸುತ್ತಾನೆ, ಇಪ್ಪತ್ತು ಬಾಟಲಿ ತಾನೇ ತೊಳೆಯುತ್ತಾನೆ ಅಂತ. ಪಕ್ಕದ ಮನೆಯ ಅಜ್ಜಿ ಕುರ್ಚಿ ತಂದು ಕೂರುತ್ತಾರಂತೆ.

ನಿಮ್ಮ ಮನೆಯ ಉಪ್ಪಿನಕಾಯಿಗೆ ಯಾರ ಕೈಗುಣವೆಂದು ಹೊಗಳುತ್ತೀರೋ ನನಗೆ ಗೊತ್ತಿಲ್ಲ. ಭರಣಿ ತೊಳೆಯುವವರು ಯಾರೆಂದು ಮಾತ್ರ ಒಮ್ಮೆ ನೋಡಿ. ಅವರಿಗೆ ಬೇಡವೆನ್ನುವ ದಾರಿ ಇದೆಯೇ ಎಂದು ಕೇಳಿ. ಇದ್ದರೆ, ಒಂದು ಮಣೆ ಎಳೆದುಕೊಂಡು ಪಕ್ಕದಲ್ಲಿ ಕೂರಿ. ಇಲ್ಲದಿದ್ದರೆ, ಅವರನ್ನು ಎಬ್ಬಿಸಿ ನೀವು ಕೂರಿ.